ನೀರು ಬದಲಾಯಿಸಿದ ಮಾರನೇ ದಿನ ಮೀನು ಯಾಕೆ ಸಾಯುತ್ತೆ? ಗಿಡ ಇರೋ ಅಕ್ವೇರಿಯಂನ ನೀರಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿ ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 ಇವತ್ತಿನ ವಿಷಯ ಫಿಶ್ ಟ್ಯಾಂಕ್. ಅದರಲ್ಲೂ ಒಳಗಡೆ ನಿಜವಾದ ಗಿಡ ನೆಟ್ಟು ಬೆಳೆಸ್ತೀವಲ್ಲ, ಪ್ಲಾಂಟೆಡ್ ಅಕ್ವೇರಿಯಂ, ಅದರ ಬಗ್ಗೆ.

ರೀಲ್ಸ್ ನೋಡಿ ಟ್ಯಾಂಕ್ ಶುರು ಮಾಡಿದವರು ನಿಮ್ಮಲ್ಲಿ ತುಂಬಾ ಜನ ಇರ್ತೀರಿ. ಎರಡಡಿ ಗಾಜಿನ ಟ್ಯಾಂಕ್, ಒಂದು ಲೈಟು, ನಾಲ್ಕು ಗಿಡ, ಹತ್ತು ಗಪ್ಪಿ ಅಥವಾ ಟೆಟ್ರಾ. ಮೊದಲ ನಾಲ್ಕೈದು ತಿಂಗಳು ಚೆನ್ನಾಗೇ ಹೋಗುತ್ತೆ. ಆಮೇಲೆ ಪರೀಕ್ಷೆ ಬರುತ್ತೆ, ಕೆಲಸ ಬರುತ್ತೆ, ಎರಡು ತಿಂಗಳು ಟ್ಯಾಂಕ್ ಕಡೆ ಗಮನ ಕೊಡೋಕೆ ಆಗಲ್ಲ. ಒಂದು ಭಾನುವಾರ ಪುರುಸೊತ್ತು ಸಿಗುತ್ತೆ. ಪಾಪ ಮೀನು ಗಲೀಜು ನೀರಲ್ಲಿ ಇದ್ಯಲ್ಲ ಅಂತ ಅರ್ಧ ಟ್ಯಾಂಕ್ ಖಾಲಿ ಮಾಡಿ, ಪೈಪ್ ಹಿಡಿದು ಫ್ರೆಶ್ ನೀರು ತುಂಬಿಸ್ತೀವಿ. ಟ್ಯಾಂಕ್ ಫಳಫಳ ಅನ್ನುತ್ತೆ. ಸೋಮವಾರ ಬೆಳಗ್ಗೆ ಎದ್ದು ನೋಡಿದ್ರೆ ನಾಲ್ಕು ಮೀನು ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಾ ಇರ್ತವೆ.

ಆಗ ಮನೇಲಿ ಶುರುವಾಗುತ್ತೆ: ದೃಷ್ಟಿ ಆಯ್ತು, ಅಂಗಡಿಯವನು ರೋಗದ ಮೀನು ಕೊಟ್ಟ, ಇದೆಲ್ಲ ನಮಗೆ ಆಗಿಬರಲ್ಲ. ಅಸಲಿ ಕಾರಣ ಬೇರೆ ಇದೆ. ಗಲೀಜು ನೀರಲ್ಲಿ ಎರಡು ತಿಂಗಳು ಬದುಕಿದ್ದ ಮೀನು ಸ್ವಚ್ಛ ನೀರಲ್ಲಿ ಒಂದೇ ರಾತ್ರಿಗೆ ಸತ್ತಿದೆ. ಹಳೆ ನೀರು, ಹೊಸ ನೀರು ಎರಡೂ ಬೇರೆ ಬೇರೆಯಾಗಿ ಮೀನು ಬದುಕಬಹುದಾದ ನೀರೇ. ಒಂದರಿಂದ ಇನ್ನೊಂದಕ್ಕೆ ಮೀನನ್ನ ಎತ್ತಿ ಹಾಕಿದ ವೇಗ ಅದನ್ನ ಕೊಂದಿದೆ. ಇವತ್ತು ನೀವು ಒಂದೇ ಒಂದು ಮಾತು ನೆನಪಿಟ್ಕೊಂಡ್ರೆ ಸಾಕು: ಟ್ಯಾಂಕ್‌ನಲ್ಲಿ ನೀರಿನ ಅಂಕಿಗಿಂತ ಅಂಕಿಯ ಜಿಗಿತ ಅಪಾಯ.

02:10 | ಒಂದೇ ಊರು, ಮೂರು ನೀರು

ಉದಾಹರಣೆಗೆ ಹಾಸನದ ಪಕ್ಕದ ಮೊಸಳೆ ತಗೊಳ್ಳೋಣ. ಹೊಯ್ಸಳರ ಕಾಲದ ಜೋಡಿ ಗುಡಿ ಇದೆಯಲ್ಲ, ನಾಗೇಶ್ವರ ಮತ್ತು ಚೆನ್ನಕೇಶವ, ಅದೇ ಊರು. ಗುಡಿ ಕಟ್ಟಿರೋದು ಮೆತ್ತನೆಯ ಬಳಪದ ಕಲ್ಲಲ್ಲಿ. ಆದ್ರೆ ಹಾಸನ ಜಿಲ್ಲೆಯ ಬಹುಪಾಲು ನೆಲದ ಕೆಳಗಿರೋದು ಗ್ರಾನೈಟ್, ನೈಸ್ ಥರದ ಗಟ್ಟಿ ಬಂಡೆ. ಬೋರ್‌ವೆಲ್ ಕೊರೆದಾಗ ಸಿಗೋ ನೀರು ಈ ಬಂಡೆಯ ಬಿರುಕುಗಳಲ್ಲಿ ನಿಂತಿರೋ ನೀರು.

ಮಳೆ ನೀರು ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿರೋ ಕಾರ್ಬನ್ ಡೈಆಕ್ಸೈಡ್ ಅನ್ನ ಹೀರ್ಕೊಂಡು ಸ್ವಲ್ಪ ಆಮ್ಲ ಆಗುತ್ತೆ. ಸೋಡಾ ಇದ್ದ ಹಾಗೆ ಅಂದ್ಕೊಳ್ಳಿ, ತೀರಾ ಸಣ್ಣ ಪ್ರಮಾಣದಲ್ಲಿ. ಆ ನೀರು ವರ್ಷಗಟ್ಟಲೆ ಬಂಡೆ ಸಂದಿಯಲ್ಲಿ ಕೂತು ಕ್ಯಾಲ್ಸಿಯಂ, ಮೆಗ್ನೀಷಿಯಂ, ಬೈಕಾರ್ಬೊನೇಟ್ ಎಲ್ಲ ಕರಗಿಸ್ಕೊಳ್ಳುತ್ತೆ. ಅದಕ್ಕೇ ಬೋರ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಬೇಳೆ ಬೇಗ ಬೇಯಲ್ಲ, ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತೆ. ಅಕ್ಕಪಕ್ಕದ ಎರಡು ಬೋರ್‌ಗಳ ನಡುವೆಯೇ ವ್ಯತ್ಯಾಸ ಇರುತ್ತೆ, ಹಾಗಾಗಿ ಪಕ್ಕದ ಮನೆಯವರ ಅಂಕಿ ನಿಮಗೆ ನಡೆಯಲ್ಲ.

ಎರಡನೇದು ಹೊಳೆ ನೀರು. ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಘಟ್ಟದಲ್ಲಿ ಹುಟ್ಟಿ, ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟಿಗೆ ಬಂದು, ಹೊಳೆನರಸೀಪುರದ ಪಕ್ಕ ಹರಿದು ಕಾವೇರಿ ಸೇರ್ತಾಳೆ. ಘಟ್ಟದ ಮಳೆ ನೀರು ಬಂಡೆಯೊಳಗೆ ಹೆಚ್ಚು ಹೊತ್ತು ಕೂರದೆ ಮೇಲ್ಮೇಲೆ ಹರಿದು ಬರೋದ್ರಿಂದ ಅದು ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು. ಆದ್ರೆ ಶುದ್ಧೀಕರಿಸಿ ಪೈಪ್‌ಗೆ ಬಿಡುವಾಗ ಅದಕ್ಕೆ ಕ್ಲೋರಿನ್ ಸೇರಿಸಿರ್ತಾರೆ.

ಮೂರನೇದು ಆರ್‌ಒ ನೀರು. ಮನೆಯ ಫಿಲ್ಟರ್‌ದು, ಇಲ್ಲಾಂದ್ರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ತುಂಬಿಸ್ಕೊಂಡು ಬರೋ 20 ಲೀಟರ್ ಕ್ಯಾನ್. ಇದರಲ್ಲಿ ಕರಗಿರೋ ಲವಣ ಬಹುತೇಕ ಹೋಗಿರುತ್ತೆ.

ಈಗ ಸಮಸ್ಯೆ ಏನಂದ್ರೆ, ಒಂದೇ ಮನೆಗೆ ಈ ಮೂರೂ ನೀರು ಬರುತ್ತೆ. ಮಳೆಗಾಲದಲ್ಲಿ ನಲ್ಲೀಲಿ ಹೊಳೆ ನೀರು, ಬೇಸಿಗೇಲಿ ಅದೇ ನಲ್ಲೀಲಿ ಬೋರ್ ನೀರು, ಅದೂ ಇಲ್ಲದಿದ್ರೆ ಟ್ಯಾಂಕರ್. ಎಲ್ಲಾನೂ ಬಂದು ಸೇರೋದು ಒಂದೇ ಸಂಪಿಗೆ. ನೋಡೋಕೆ ಒಂದೇ ಥರ, ಕುಡಿಯೋಕೂ ಅಷ್ಟೇನೂ ವ್ಯತ್ಯಾಸ ಗೊತ್ತಾಗಲ್ಲ. ಮೀನಿಗೆ ಮಾತ್ರ ಗೊತ್ತಾಗುತ್ತೆ.

ಕುಡಿಯೋ ನೀರಿನ ಭಾರತೀಯ ಮಾನಕ, ಐಎಸ್ 10500, ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು ಅನ್ನುತ್ತೆ. ಬೇರೆ ನೀರೇ ಇಲ್ಲ ಅಂದಾಗ 600ರವರೆಗೂ ಒಪ್ಪುತ್ತೆ. ಅಂದ್ರೆ 50 ಇರೋ ನೀರೂ ಕುಡಿಯೋ ನೀರೇ, 500 ಇರೋ ನೀರೂ ಕುಡಿಯೋ ನೀರೇ. ‘ನಾವೇ ಕುಡೀತೀವಿ, ಮೀನಿಗೆ ಏನಾಗುತ್ತೆ’ ಅನ್ನೋ ವಾದ ಇಲ್ಲಿಗೆ ಬಿದ್ದೋಯ್ತು.

05:05 | ಮೂರೇ ಅಕ್ಷರ: ಜಿಎಚ್, ಕೆಎಚ್, ಪಿಎಚ್

ಇವುಗಳ ಹೆಸರು ಕೇಳಿ ಪಿಯುಸಿ ಕೆಮಿಸ್ಟ್ರಿ ನೆನಪಾದ್ರೆ ಹೆದರ್ಬೇಡಿ. ಒಂದೊಂದಾಗಿ ನೋಡೋಣ.

ಜಿಎಚ್ ಅಂದ್ರೆ ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಲೆಕ್ಕ. ಗಿಡಕ್ಕೆ ಎರಡೂ ಗೊಬ್ಬರ. ಸೀಗಡಿ ಇದ್ರೆ ಅದರ ಚಿಪ್ಪಿಗೂ ಬೇಕು.

ಕೆಎಚ್ ಅಂದ್ರೆ ಬೈಕಾರ್ಬೊನೇಟ್ ಲೆಕ್ಕ. ಇದು ಬೈಕ್‌ನ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ. ನೀರಿಗೆ ಆಮ್ಲ ಬಿದ್ದಾಗ ಅದನ್ನ ಇದು ನುಂಗ್ಕೊಳ್ಳುತ್ತೆ, ಪಿಎಚ್ ಏಕಾಏಕಿ ಇಳಿಯೋಕೆ ಬಿಡಲ್ಲ.

ಪಿಎಚ್ ಅಂದ್ರೆ ನೀರು ಆಮ್ಲವೋ ಕ್ಷಾರವೋ ಅನ್ನೋದು. 7 ಮಧ್ಯ. ಒಂದು ಅಂಕ ಏರೋದು ಅಂದ್ರೆ ಹತ್ತು ಪಟ್ಟು ವ್ಯತ್ಯಾಸ. 6.5ರಿಂದ 7.5 ಚಿಕ್ಕ ಹೆಜ್ಜೆ ಥರ ಕಾಣುತ್ತೆ, ಆದ್ರೆ ಚಿಕ್ಕದಲ್ಲ.

ಜಿಎಚ್, ಕೆಎಚ್ ಎರಡನ್ನೂ ‘ಡಿಗ್ರಿ’ ಲೆಕ್ಕದಲ್ಲಿ ಹೇಳ್ತಾರೆ. ಒಂದು ಡಿಗ್ರಿ ಅಂದ್ರೆ ಲೀಟರ್‌ಗೆ ಸುಮಾರು 17.9 ಮಿಲಿಗ್ರಾಂ. ಇದು ಯಾಕೆ ಬೇಕು ಅಂದ್ರೆ, ಅಂಗಡೀಲಿ ದುಡ್ಡು ಕೊಟ್ಟು ಟೆಸ್ಟ್ ಕಿಟ್ ತಗೊಳ್ಳೋ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆ ಕಿಟ್ ಕೊಟ್ಟು, ಊರಿನ ಮಹಿಳೆಯರಿಗೇ ಅದನ್ನ ಬಳಸೋ ತರಬೇತಿ ಕೊಡ್ತಾರೆ. ಜಿಲ್ಲಾ ಮಟ್ಟದಲ್ಲಿ ಲ್ಯಾಬ್ ಕೂಡ ಇರುತ್ತೆ. ವರದಿಯಲ್ಲಿ ‘ಟೋಟಲ್ ಹಾರ್ಡ್‌ನೆಸ್’ ಅಂತ ಇರೋದನ್ನ 17.9ರಿಂದ ಭಾಗಿಸಿದ್ರೆ ಜಿಎಚ್. ‘ಆಲ್ಕಲಿನಿಟಿ’ ಅಂತ ಇರೋದನ್ನ ಭಾಗಿಸಿದ್ರೆ ಕೆಎಚ್. ಉದಾಹರಣೆಗೆ ಆಲ್ಕಲಿನಿಟಿ 250 ಅಂದ್ರೆ ಕೆಎಚ್ ಸುಮಾರು 14.

ಟಿಡಿಎಸ್ ಪೆನ್ ತುಂಬಾ ಜನರ ಹತ್ರ ಇರುತ್ತೆ. ಅದು ಒಟ್ಟು ಎಷ್ಟು ಲವಣ ಕರಗಿದೆ ಅಂತ ಹೇಳುತ್ತೆ, ಯಾವುದು ಅಂತ ಹೇಳಲ್ಲ. ಹಳೆ ನೀರಿಗೂ ಹೊಸ ನೀರಿಗೂ ಎಷ್ಟು ದೂರ ಅಂತ ಥಟ್ಟನೆ ನೋಡೋಕೆ ಉಪಯೋಗ. ಕೆಎಚ್ ಬದಲಿಗೆ ಅದನ್ನ ನಂಬ್ಕೋಬೇಡಿ.

07:40 | ಆ ಎರಡು ತಿಂಗಳಲ್ಲಿ ಟ್ಯಾಂಕ್ ಒಳಗೆ ಏನಾಗ್ತಿತ್ತು?

ಈಗ ಮೊದಲು ಹೇಳಿದ ಭಾನುವಾರದ ಕತೆಗೆ ಬರೋಣ. ಟ್ಯಾಂಕ್ ತುಂಬಿಸಿದ್ದು ಹೊಳೆ ನೀರು ಅಥವಾ ಆರ್‌ಒ ನೀರಲ್ಲಿ, ಅಂದ್ರೆ ಕೆಎಚ್ ಮೊದಲೇ ಕಮ್ಮಿ ಅಂತ ಇಟ್ಕೊಳ್ಳಿ.

ಮೀನು ತಿನ್ನುತ್ತೆ, ವಿಸರ್ಜಿಸುತ್ತೆ. ಅದರಿಂದ ಅಮೋನಿಯಾ ಬರುತ್ತೆ. ಉಳಿದ ಆಹಾರ, ಕೊಳೆತ ಎಲೆಯಿಂದಲೂ ಬರುತ್ತೆ. ಫಿಲ್ಟರ್ ಸ್ಪಂಜಿನಲ್ಲಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತೆ. ಈ ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತೆ, ಆ ಆಮ್ಲ ಕೆಎಚ್ ಅನ್ನ ತಿನ್ನುತ್ತೆ. ಅಮೋನಿಯಾ ರೂಪದ ಒಂದು ಮಿಲಿಗ್ರಾಂ ಸಾರಜನಕಕ್ಕೆ ಸುಮಾರು ಏಳು ಮಿಲಿಗ್ರಾಂ ಆಲ್ಕಲಿನಿಟಿ ಖರ್ಚು. ನೀರು ಬದಲಾಯಿಸದೇ ಬಿಟ್ರೆ ಕೆಎಚ್ ತುಂಬಿಕೊಡೋರು ಯಾರೂ ಇಲ್ಲ. ವಾರ ವಾರ ಕಮ್ಮಿ ಆಗ್ತಾ ಹೋಗುತ್ತೆ.

ಕೆಎಚ್ ಖಾಲಿ ಆದಾಗ ಪಿಎಚ್ 6.5, 6 ಅಂತ ಜಾರುತ್ತೆ. ಆಗ ಬ್ಯಾಕ್ಟೀರಿಯಾ ಕೂಡ ನಿಧಾನ ಆಗುತ್ತೆ. ಅಮೋನಿಯಾ ಪೂರ್ತಿ ಖರ್ಚಾಗದೆ ನೀರಲ್ಲೇ ಉಳಿಯುತ್ತೆ. ಆದ್ರೂ ಮೀನು ಸಾಯಲ್ಲ. ಯಾಕೆ?

ಅಮೋನಿಯಾಗೆ ಎರಡು ವೇಷ. ಒಂದು ಅಮೋನಿಯಂ, ಅದು ಮೀನಿಗೆ ಅಷ್ಟು ಅಪಾಯ ಅಲ್ಲ, ಗಿಡಕ್ಕಂತೂ ಊಟ. ಇನ್ನೊಂದು ನಿಜವಾದ ಅಮೋನಿಯಾ, ಕಿವಿರಿಗೆ ವಿಷ. ಯಾವುದು ಎಷ್ಟು ಇರುತ್ತೆ ಅನ್ನೋದನ್ನ ನಿರ್ಧರಿಸೋದು ಮುಖ್ಯವಾಗಿ ಪಿಎಚ್. 25 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಪಿಎಚ್ 6.5 ಇದ್ರೆ ವಿಷದ ರೂಪ ಶೇಕಡಾ 0.2ರಷ್ಟೂ ಇರಲ್ಲ. ಪಿಎಚ್ 7.5 ಆದ್ರೆ ಶೇಕಡಾ 1.8. ಪಿಎಚ್ 8.5 ಆದ್ರೆ ಶೇಕಡಾ 15ರಷ್ಟು.

ಈಗ ಆ ಭಾನುವಾರ ನೋಡಿ. ಟ್ಯಾಂಕ್‌ನಲ್ಲಿ ಅಮೋನಿಯಂ ಶೇಖರಣೆ ಆಗಿದೆ, ಪಿಎಚ್ ಕಮ್ಮಿ ಇರೋದ್ರಿಂದ ಅದು ಸುಮ್ಮನಿದೆ. ನೀವು ಅರ್ಧ ಟ್ಯಾಂಕ್ ತೆಗೆದು ಕೆಎಚ್ 14 ಇರೋ ಬೋರ್ ನೀರು ಹಾಕ್ತೀರಿ. ಅಮೋನಿಯಂ ಅರ್ಧ ಆಯ್ತು, ಒಳ್ಳೇದೇ. ಆದ್ರೆ ಪಿಎಚ್ ಒಂದೂವರೆ ಅಂಕ ಏರಿದ್ರೆ, ಉಳಿದಿದ್ದರಲ್ಲಿ ವಿಷದ ಪಾಲು ಸುಮಾರು 30 ಪಟ್ಟು ಜಾಸ್ತಿ ಆಯ್ತು. ಅರ್ಧ ತೆಗೆದು ಮೂವತ್ತು ಪಟ್ಟು ಮಾಡಿದ್ರೆ ಲೆಕ್ಕ ಏನಾಯ್ತು? ಮೊದಲಿನ ಹದಿನೈದು ಪಟ್ಟು. ಜೊತೆಗೆ ಒಂದೇ ಸಲ ಲವಣ ಏರಿದ್ದಕ್ಕೆ ಮೀನಿನ ದೇಹದ ನೀರಿನ ಸಮತೋಲನವೂ ತಪ್ಪುತ್ತೆ. ರಾತ್ರಿ ಪೂರ್ತಿ ಒದ್ದಾಡಿ ಬೆಳಗ್ಗೆ ತೇಲುತ್ತೆ.

ಇದರಿಂದ ಕಲಿಯೋ ಪಾಠ: ತುಂಬಾ ದಿನ ಬಿಟ್ಟ ಟ್ಯಾಂಕ್‌ಗೆ ದೊಡ್ಡ ಬದಲಾವಣೆ ಮಾಡ್ಬೇಡಿ. ಶೇಕಡಾ 10ರಂತೆ ದಿನ ಬಿಟ್ಟು ದಿನ ಮಾಡಿ. ಎರಡು ವಾರದಲ್ಲಿ ದಾರಿಗೆ ಬರುತ್ತೆ.

ಇನ್ನೊಂದು ಜನ ಇದ್ದಾರೆ, ಅವರದ್ದು ಉಲ್ಟಾ ಕತೆ. ನೀರು ಬದಲಾಯಿಸಲ್ಲ, ಆದ್ರೆ ಆವಿಯಾಗಿ ಕಮ್ಮಿ ಆದಷ್ಟನ್ನ ಬೋರ್ ನೀರಿಂದ ತುಂಬಿಸ್ತಾ ಇರ್ತಾರೆ. ಆವಿಯಾಗಿ ಹೋಗೋದು ಬರೀ ನೀರು, ಲವಣ ಅಲ್ಲೇ ಉಳಿಯುತ್ತೆ. 50 ಲೀಟರ್ ಟ್ಯಾಂಕ್‌ನಿಂದ ವಾರಕ್ಕೆ 5 ಲೀಟರ್ ಆವಿಯಾಗ್ತಿದೆ, ನೀವು ಜಿಎಚ್ 15 ಇರೋ ನೀರು ಹಾಕ್ತಿದ್ದೀರಿ ಅಂದ್ರೆ, ವಾರಕ್ಕೆ ಒಂದೂವರೆ ಡಿಗ್ರಿ ಏರುತ್ತೆ. ಎಂಟು ವಾರಕ್ಕೆ 12 ಡಿಗ್ರಿ. ಸಾಂಬಾರ್ ಕುದಿದೂ ಕುದಿದೂ ಉಪ್ಪಾಗಲ್ವಾ, ಹಾಗೆ. ಆದ್ರಿಂದ ಆವಿಯಾದ ನೀರು ತುಂಬಿಸೋಕೆ ಆರ್‌ಒ ನೀರು ಅಥವಾ ಮಳೆ ನೀರು ಬಳಸಿ. ನೀರು ಬದಲಾಯಿಸೋದು ಬೇರೆ ಕೆಲಸ, ತುಂಬಿಸೋದು ಬೇರೆ ಕೆಲಸ.

11:30 | ಫೋನಲ್ಲಿ ಕ್ಯಾಲ್ಕ್ಯುಲೇಟರ್ ತೆಗೀರಿ

ಮೊದಲು ಟ್ಯಾಂಕ್ ಅಳತೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದ್ರೆ 56 ಲೀಟರ್. ಮಣ್ಣು, ಕಲ್ಲು, ಕಟ್ಟಿಗೆ ಕಳೆದ್ರೆ ನೀರು 45ರಿಂದ 50 ಲೀಟರ್. ಲೆಕ್ಕಕ್ಕೆ 50 ಅಂತ ಇಟ್ಕೊಳ್ಳೋಣ.

ಟ್ಯಾಂಕ್ ಕೆಎಚ್ 2, ಬೋರ್ ನೀರಿನ ಕೆಎಚ್ 14. ಅರ್ಧ, ಅಂದ್ರೆ 25 ಲೀಟರ್ ಬದಲಾಯಿಸಿದ್ರೆ: 25 ಗುಣಿಸು 2, 50. 25 ಗುಣಿಸು 14, 350. ಕೂಡಿಸಿ 50ರಿಂದ ಭಾಗಿಸಿ. 8 ಬಂತು. 2ರಿಂದ 8ಕ್ಕೆ ಜಿಗಿತ. ಬರೀ 5 ಲೀಟರ್ ಬದಲಾಯಿಸಿದ್ರೆ? 45 ಗುಣಿಸು 2, 90. 5 ಗುಣಿಸು 14, 70. ಒಟ್ಟು 160, ಭಾಗಿಸು 50, 3.2. ಇದು ಮೀನು ತಡ್ಕೊಳ್ಳೋ ಹೆಜ್ಜೆ. ದಿನಕ್ಕೆ ಒಂದೆರಡು ಡಿಗ್ರಿಗಿಂತ ಜಾಸ್ತಿ ಬದಲಾಗದ ಹಾಗೆ ನೋಡ್ಕೊಂಡ್ರೆ ಸೇಫ್.

ಇದಕ್ಕಿಂತ ಒಳ್ಳೇ ದಾರಿ ಅಂದ್ರೆ ಹೊಸ ನೀರನ್ನೇ ಮೊದಲು ಸರಿ ಮಾಡ್ಕೊಳ್ಳೋದು. ಘಟಕದ ಒಂದು 20 ಲೀಟರ್ ಕ್ಯಾನ್ ತಗೊಳ್ಳಿ, ಕೆಎಚ್ 1 ಅಂತ ಇಟ್ಕೊಳ್ಳಿ. ಅದಕ್ಕೆ 14ರ ಬೋರ್ ನೀರು 6 ಲೀಟರ್ ಸೇರಿಸಿ. 20 ಕೂಡಿಸು 84, 104. ಭಾಗಿಸು 26 ಲೀಟರ್. ಸರಿಯಾಗಿ ಕೆಎಚ್ 4. ಗಿಡಕ್ಕೂ ಒಳ್ಳೇದು, ಬಹಳಷ್ಟು ಮೀನಿಗೂ ಒಳ್ಳೇದು, ಪಿಎಚ್ ಕುಸಿಯಲ್ಲ. ಒಂದು ಕ್ಯಾನ್‌ಗೆ ಆರು ಲೀಟರ್ ಅನ್ನೋದು ಈ ಅಂಕಿಗಳಿಗೆ ಮಾತ್ರ. ನಿಮ್ಮ ನೀರು ಅಳೆದು ನಿಮ್ಮ ಲೆಕ್ಕ ಮಾಡ್ಕೊಳ್ಳಿ.

ಬರೀ ಆರ್‌ಒ ನೀರೇ ಹಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗಲ್ಲ. ಶಾಕ್ ಅಬ್ಸಾರ್ಬರ್ ಇಲ್ಲದ ಬೈಕ್ ಅದು. ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಇರಲ್ಲ, ಹೊಸ ಎಲೆ ಮುರುಟಿಕೊಳ್ಳುತ್ತೆ. ಮಹಡಿಯ ಮಳೆ ನೀರಿಗೂ ಇದೇ ಮಾತು. ಮೊದಲ ಮಳೆ ಬಿಟ್ಟು ಆಮೇಲಿನದನ್ನ ಹಿಡಿದಿಟ್ಟು, ಬೋರ್ ನೀರಿನ ಜೊತೆ ಬೆರೆಸಿ ಬಳಸಬಹುದು.

ಮನೇಲಿ ನೀರು ಮೆದು ಮಾಡೋ ಸಾಫ್ಟ್‌ನರ್ ಇದ್ರೆ ಒಂದು ಎಚ್ಚರಿಕೆ. ಅದು ಕ್ಯಾಲ್ಸಿಯಂ ತೆಗೆದು ಬದಲಿಗೆ ಸೋಡಿಯಂ ಕೊಡುತ್ತೆ. ಸೋಪು ನೊರೆ ಬರುತ್ತೆ, ಆದ್ರೆ ಕೆಎಚ್ ಹಾಗೇ ಇರುತ್ತೆ, ಗಿಡಕ್ಕೆ ಬೇಕಾದ್ದು ಹೋಗಿರುತ್ತೆ. ಟ್ಯಾಂಕ್‌ಗೆ ಸಾಫ್ಟ್‌ನರ್‌ಗಿಂತ ಮುಂಚಿನ ನಲ್ಲಿಯ ನೀರು ಹಿಡೀರಿ.

ಅಂಗಡೀಲಿ ಸಿಗೋ ‘ಪಿಎಚ್ ಡೌನ್’ ಬಾಟಲಿಯಲ್ಲಿ ಇರೋದು ಆಮ್ಲ. ಗಡಸು ನೀರಿಗೆ ಹಾಕಿದ್ರೆ ಪಿಎಚ್ ಇಳಿಯುತ್ತೆ, ಮಾರನೇ ದಿನ ಮತ್ತೆ ಏರುತ್ತೆ, ಯಾಕಂದ್ರೆ ಕೆಎಚ್ ಇನ್ನೂ ಅಲ್ಲೇ ಇದೆ. ಇಳಿಸಿ, ಏರಿಸಿ, ಮೀನಿಗೆ ಉಯ್ಯಾಲೆ ಆಡಿಸಿದ ಹಾಗೆ. ಬೇರೆ ನೀರು ಬೆರೆಸಿ ಕೆಎಚ್ ಇಳಿಸಿ, ಪಿಎಚ್ ತಾನೇ ಹಿಂದೆ ಬರುತ್ತೆ.

15:20 | ಕ್ಲೋರಿನ್: ಕಣ್ಣಿಗೆ ಕಾಣದ್ದು

ನಲ್ಲಿ ನೀರಿನ ತುದಿಯಲ್ಲೂ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದು ಅದೇ ಕುಡಿಯೋ ನೀರಿನ ಮಾನಕ. ನಮಗೆ ಕಾಯಿಲೆ ಬಾರದಿರಲಿ ಅಂತ ಅದು ಬೇಕೇ ಬೇಕು. ಮೀನಿನ ಕಿವಿರಿಗೆ ಅದಕ್ಕಿಂತ ಕಮ್ಮಿ ಪ್ರಮಾಣವೂ ಹಾನಿ. ಫಿಲ್ಟರ್‌ನ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಹಾನಿ. ಓವರ್‌ಹೆಡ್ ಟ್ಯಾಂಕ್ ಶುಚಿಗೊಳಿಸಿ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಂತೂ ಪ್ರಮಾಣ ತುಂಬಾ ಜಾಸ್ತಿ ಇರುತ್ತೆ.

ಸುಲಭದ ದಾರಿ: ಬಾಯಿ ಅಗಲ ಇರೋ ಬಕೆಟ್‌ನಲ್ಲಿ ನೀರು ಹಿಡಿದು 24 ಗಂಟೆ ಬಿಡಿ. ಒಳಗೆ ಏರ್ ಪಂಪ್ ಹಾಕಿದ್ರೆ ಇನ್ನೂ ಬೇಗ. ಅರ್ಜೆಂಟ್ ಇದ್ರೆ ಸೋಡಿಯಂ ಥಯೋಸಲ್ಫೇಟ್. ಹಳೇ ಫೋಟೋ ಸ್ಟುಡಿಯೋದವರು ಇದನ್ನೇ ಹೈಪೋ ಅಂತಿದ್ರು. ಅಕ್ವೇರಿಯಂ ಅಂಗಡೀಲಿ ಹರಳು ಅಥವಾ ‘ಆಂಟಿ ಕ್ಲೋರಿನ್’ ಹನಿ ರೂಪದಲ್ಲಿ ಸಿಗುತ್ತೆ. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು ಏಳು ಮಿಲಿಗ್ರಾಂ ಹರಳು. 10 ಗ್ರಾಂ ಹರಳು ಕರಗಿಸಿ 100 ಮಿಲಿಲೀಟರ್ ದ್ರಾವಣ ಮಾಡಿಟ್ಕೊಂಡ್ರೆ, 25 ಲೀಟರ್ ನೀರಿಗೆ ಅದರ 2 ಮಿಲಿಲೀಟರ್ ಸಾಕು. ಲೀಟರ್‌ಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇದ್ರೂ ಅದು ನೋಡ್ಕೊಳ್ಳುತ್ತೆ. ಬಾಟಲಿ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಸ್ಪಂಜು ತೊಳೆಯೋವಾಗ ನಲ್ಲಿ ಕೆಳಗೆ ಹಿಡೀಬೇಡಿ. ಟ್ಯಾಂಕ್‌ನಿಂದ ತೆಗೆದ ಹಳೇ ನೀರಲ್ಲೇ ಹಿಂಡಿ. ಇಲ್ಲಾಂದ್ರೆ ಆರು ತಿಂಗಳು ಸಾಕಿದ ಬ್ಯಾಕ್ಟೀರಿಯಾ ಎರಡು ನಿಮಿಷದಲ್ಲಿ ಹೋಗುತ್ತೆ.

17:00 | ಗುಳ್ಳೆ ಬಿಡೋ ಗಿಡ, ಉಸಿರು ಕಟ್ಟೋ ಮೀನು

ಬೋರ್ ನೀರಿನ ಇನ್ನೊಂದು ಗುಣ. ನೆಲದಾಳದಿಂದ ಬಂದ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುತ್ತೆ. ಆಗ ತಾನೇ ಹಿಡಿದ ನೀರಿನ ಪಿಎಚ್ 7 ತೋರಿಸಬಹುದು, ಅದೇ ನೀರು ಒಂದು ರಾತ್ರಿ ಬಕೆಟ್‌ನಲ್ಲಿದ್ರೆ 8 ತೋರಿಸಬಹುದು. ಅನಿಲ ಹೊರಗೆ ಹೋಯ್ತು, ಅಷ್ಟೇ. ಆದ್ರಿಂದ ಪಿಎಚ್ ಅಳೆಯೋದಿದ್ರೆ ಮಾರನೇ ದಿನ ಅಳೀರಿ.

ನೀರು ಬದಲಾಯಿಸಿದ ಮೇಲೆ ಎಲೆಗಳಿಂದ ಮುತ್ತಿನ ಹಾಗೆ ಗುಳ್ಳೆ ಏಳುತ್ತಲ್ಲ, ಅದರ ಗುಟ್ಟೂ ಬಹುಪಾಲು ಇದೇ. ಗಿಡಕ್ಕೆ ದಿಢೀರಂತ ಕಾರ್ಬನ್ ಡೈಆಕ್ಸೈಡ್ ಸಿಗುತ್ತೆ. ಹೊಸ ನೀರಲ್ಲಿ ಮೊದಲೇ ಕರಗಿದ್ದ ಗಾಳಿಯೂ ಗುಳ್ಳೆ ಕಟ್ಟುತ್ತೆ.

ಸಿಲಿಂಡರ್ ಇಟ್ಟು ಕಾರ್ಬನ್ ಡೈಆಕ್ಸೈಡ್ ಕೊಡೋರು ಇಲ್ಲಿ ಕಿವಿ ಕೊಡಿ. ಪಿಎಚ್ ನೋಡಿ ಅನಿಲ ಎಷ್ಟಿದೆ ಅಂತ ಲೆಕ್ಕ ಹಾಕೋರು ಕೆಎಚ್ ಬದಲಾದಾಗ ಮೋಸ ಹೋಗ್ತಾರೆ. ಕೆಎಚ್ 2 ಇದ್ದಾಗ ಲೀಟರ್‌ಗೆ 30 ಮಿಲಿಗ್ರಾಂ ಅನಿಲ ಅಂದ್ರೆ ಪಿಎಚ್ 6.3. ನೀರು ಬದಲಾಯಿಸಿ ಕೆಎಚ್ 8 ಆದ ಮೇಲೆ ಅದೇ 30 ಮಿಲಿಗ್ರಾಂಗೆ ಪಿಎಚ್ 6.9 ತೋರಿಸುತ್ತೆ. ಅಯ್ಯೋ ಅನಿಲ ಕಮ್ಮಿ ಆಯ್ತು ಅಂತ 6.3 ಬರೋವರೆಗೂ ಬಿಟ್ರೆ ಅದು 120 ಮಿಲಿಗ್ರಾಂ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತೆ. ತಾನಾಗಿ ಪಿಎಚ್ ನೋಡಿ ಅನಿಲ ಬಿಡೋ ಕಂಟ್ರೋಲರ್ ಇದ್ರೆ ಇನ್ನೂ ಅಪಾಯ, ಅದಕ್ಕೆ ನೀವು ನೀರು ಬದಲಾಯಿಸಿದ್ದು ಗೊತ್ತಿಲ್ಲ. ಬದಲಾವಣೆ ದಿನ ಸಿಲಿಂಡರ್ ಆಫ್ ಮಾಡಿ. ಕೆಎಚ್ ಮತ್ತೆ ಅಳೆದು ಆಮೇಲೆ ಆನ್ ಮಾಡಿ.

ಇನ್ನು ಗೊಬ್ಬರ. ವಾರಕ್ಕೆ ಇಷ್ಟು ಅಂತ ಗೊಬ್ಬರ ಹಾಕಿ, ವಾರದ ಕೊನೆಗೆ ಅರ್ಧ ನೀರು ಬದಲಾಯಿಸೋ ಪದ್ಧತಿ ಇದೆ. ಅಮೆರಿಕದ ಟಾಮ್ ಬಾರ್ ಅನ್ನೋರು ಜನಪ್ರಿಯಗೊಳಿಸಿದ್ದು, ಎಸ್ಟಿಮೇಟಿವ್ ಇಂಡೆಕ್ಸ್ ಅಂತಾರೆ. ಇದರ ಹಿಂದಿನ ಲೆಕ್ಕ ಚೆಂದ ಇದೆ. ಗಿಡ ಏನೂ ತಿನ್ನದೇ ಇದ್ರೂ, ಪ್ರತಿ ವಾರ ಅರ್ಧ ನೀರು ತೆಗೆದ್ರೆ ಗೊಬ್ಬರ ಒಂದು ವಾರದ ಪ್ರಮಾಣದ ಎರಡು ಪಟ್ಟು ದಾಟಲ್ಲ. ಕಾಲು ಭಾಗ ತೆಗೆದ್ರೆ ನಾಲ್ಕು ಪಟ್ಟಿಗೆ ನಿಲ್ಲುತ್ತೆ. ತೆಗೆಯೋದನ್ನೇ ಬಿಟ್ರೆ ಮಿತಿಯೇ ಇಲ್ಲ. ನಿಮ್ಮ ನೀರಿನ ಪರಿಸ್ಥಿತೀಲಿ ವಾರಕ್ಕೆ ಅರ್ಧ ಕಷ್ಟ ಅಂದ್ರೆ ಗೊಬ್ಬರ ಕಮ್ಮಿ ಮಾಡಿ, ಲೈಟ್ ಆರು ಗಂಟೆಗೆ ಇಳಿಸಿ. ಗೊಬ್ಬರ ಒಬ್ಬರದ್ದು, ನೀರಿನ ಪದ್ಧತಿ ಇನ್ನೊಬ್ಬರದ್ದು ಅಂತ ಬೆರೆಸಿದಾಗಲೇ ಲೆಕ್ಕ ಕೆಡೋದು.

20:15 | ಶನಿವಾರ ರಾತ್ರಿ, ಭಾನುವಾರ ಬೆಳಗ್ಗೆ

ಇಷ್ಟೂ ಹೇಳಿದ್ದನ್ನ ಕೆಲಸಕ್ಕೆ ಇಳಿಸಿದ್ರೆ ಹೀಗೆ.

ಶನಿವಾರ ರಾತ್ರಿ: ಬಕೆಟ್‌ಗಳಲ್ಲಿ ನೀರು ಹಿಡಿದು, ಲೆಕ್ಕದ ಪ್ರಕಾರ ಬೆರೆಸಿ, ಟ್ಯಾಂಕ್ ಇರೋ ಕೋಣೆಯಲ್ಲೇ ಇಡಿ. ನಲ್ಲಿ ನೀರಾದ್ರೆ 24 ಗಂಟೆ ಆಗೋ ಹಾಗೆ ಬೆಳಗ್ಗೆಯೇ ಹಿಡಿದಿಡಿ. ಬೆಳಗಾಗೋ ಹೊತ್ತಿಗೆ ಉಷ್ಣಾಂಶವೂ ಹೊಂದ್ಕೊಂಡಿರುತ್ತೆ. ಬೇಸಿಗೆ ಮಧ್ಯಾಹ್ನ ಮಹಡಿ ಮೇಲಿನ ಸಿಂಟೆಕ್ಸ್ ನೀರು ಸ್ನಾನಕ್ಕೆ ಆಗೋಷ್ಟು ಬಿಸಿ ಇರುತ್ತೆ, ಡಿಸೆಂಬರ್ ಬೆಳಗ್ಗೆ ಅದೇ ನೀರಿಗೆ ಕೈ ಹಾಕೋಕಾಗಲ್ಲ. ನೇರವಾಗಿ ಪೈಪ್ ಬಿಡೋದು ಎರಡೂ ಸಲ ತಪ್ಪು.

ಭಾನುವಾರ ಬೆಳಗ್ಗೆ: ಟ್ಯಾಂಕ್‌ನ ಕೆಎಚ್, ಬಕೆಟ್‌ನ ಕೆಎಚ್ ಅಳೆಯಿರಿ. ಎರಡರ ನಡುವೆ ಒಂದೆರಡು ಡಿಗ್ರಿ ಇದ್ರೆ ಕಾಲು ಭಾಗದಿಂದ ಅರ್ಧದವರೆಗೂ ಬದಲಾಯಿಸಬಹುದು. ಜಾಸ್ತಿ ಇದ್ರೆ ಹತ್ತನೇ ಒಂದು ಭಾಗ ಸಾಕು. ಅನಿಲ, ಹೀಟರ್, ಫಿಲ್ಟರ್ ಆಫ್. ಹಳೇ ನೀರು ತೆಗೀರಿ. ಹೊಸ ನೀರನ್ನ ಸಣ್ಣ ಪೈಪಿನಲ್ಲಿ ನಿಧಾನಕ್ಕೆ ಬಿಡಿ. ಸೀಗಡಿ ಇದ್ರೆ ಹನಿ ಹನಿಯಾಗಿ.

ಇಷ್ಟರ ಮೇಲೂ ಮೀನು ಮೇಲೆ ಬಂದು ಏದುಸಿರು ಬಿಡ್ತಿದ್ರೆ ಮೊದಲು ಏರ್ ಪಂಪ್ ಹಾಕಿ, ಅನಿಲ ನಿಲ್ಲಿಸಿ. ಕ್ಲೋರಿನ್ ಅನುಮಾನ ಇದ್ರೆ ಇಡೀ ಟ್ಯಾಂಕ್ ಲೆಕ್ಕಕ್ಕೆ ಆಂಟಿ ಕ್ಲೋರಿನ್ ಹಾಕಿ. ಎರಡು ದಿನ ಆಹಾರ ಬೇಡ. ಗಾಬರಿಯಲ್ಲಿ ಮತ್ತೆ ಅರ್ಧ ಟ್ಯಾಂಕ್ ಅದೇ ನಲ್ಲಿ ನೀರಿಂದ ಬದಲಾಯಿಸ್ಬೇಡಿ, ಬೆಂಕಿಗೆ ತುಪ್ಪ ಸುರಿದ ಹಾಗಾಗುತ್ತೆ.

22:40 | ನೀರಿಗೆ ತಕ್ಕ ಟ್ಯಾಂಕ್

ಕೊನೇ ಮಾತು, ಇದು ನಿಮ್ಮ ದುಡ್ಡೂ ಉಳಿಸುತ್ತೆ. ನೀರನ್ನ ಮೀನಿಗೆ ತಕ್ಕ ಹಾಗೆ ಬದಲಾಯಿಸೋಕಿಂತ ನಿಮ್ಮ ನೀರಿಗೆ ತಕ್ಕ ಮೀನು, ಗಿಡ ಆರಿಸ್ಕೊಳ್ಳೋದು ಸುಲಭ. ಮನೇಲಿ ಗಡಸು ಬೋರ್ ನೀರೇ ಇದ್ರೆ ಗಪ್ಪಿ, ಮೋಲಿ ಸಾಕಿ, ಅವಕ್ಕೆ ಅದೇ ಇಷ್ಟ. ಗಿಡಗಳಲ್ಲಿ ವ್ಯಾಲಿಸ್ನೇರಿಯ, ಹಾರ್ನ್‌ವರ್ಟ್, ಅನುಬಿಯಸ್, ಜಾವಾ ಫರ್ನ್ ಚೆನ್ನಾಗಿ ಬರುತ್ತೆ. ವ್ಯಾಲಿಸ್ನೇರಿಯದಂಥ ಗಿಡಗಳು ಗಡಸು ನೀರಿನ ಬೈಕಾರ್ಬೊನೇಟ್‌ನಿಂದಲೇ ಇಂಗಾಲ ತಗೊಳ್ಳಬಲ್ಲವು. ಎಲೆ ಮೇಲೆ ಸುಣ್ಣದ ಥರ ಬಿಳಿ ಪುಡಿ ಕಂಡ್ರೆ ರೋಗ ಅಂತ ಹೆದರ್ಬೇಡಿ, ಅದು ಆ ಕೆಲಸದ ಗುರುತು.

ಮೆದು ನೀರು ಸಿಗೋರು ಟೆಟ್ರಾ ಸಾಕಬಹುದು, ಕೆಂಪು ರೊಟಾಲ ಬೆಳೆಸಬಹುದು. ಅಂಗಡೀಲಿ ಫಾರಿನ್ ಗಿಡ ಅಂತ ಮಾರೋ ರೊಟಾಲ ಮಕ್ರಾಂಡ್ರ ನಮ್ಮ ದಕ್ಷಿಣ ಭಾರತದ್ದೇ ಗಿಡ. ಕ್ರಿಪ್ಟೊಕೊರೈನ್ ಜಾತಿಯ ಕೆಲವು ನಮ್ಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತೆ. ಅದಕ್ಕೆ ಹೊಳೆಯಿಂದ ಕಿತ್ಕೊಂಡು ಬರೋಕೆ ಹೋಗ್ಬೇಡಿ, ನರ್ಸರಿಯಲ್ಲಿ ಬೆಳೆಸಿದ್ದನ್ನೇ ತಗೊಳ್ಳಿ.

ತೆಗೆದ ನೀರನ್ನ ಚರಂಡಿಗೆ ಚೆಲ್ಲೋದಂತೂ ಬೇಡವೇ ಬೇಡ. ಅದರಲ್ಲಿ ನೈಟ್ರೇಟ್, ಪೊಟ್ಯಾಷ್, ಫಾಸ್ಫೇಟ್ ಇದೆ. ಹಿತ್ತಲ ತೆಂಗಿಗೆ, ಕರಿಬೇವಿಗೆ, ಕುಂಡದ ಗುಲಾಬಿಗೆ ಹಾಕಿ. 2024ರ ಬೇಸಿಗೇಲಿ ಬೆಂಗಳೂರಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನೆನಪಿರಬಹುದು. ಪಕ್ಕದ ಮನೆಯವರು ಟ್ಯಾಂಕರ್‌ಗೆ ಕಾಯ್ತಿರೋವಾಗ ನಾವು ಮೀನಿಗೆ 25 ಲೀಟರ್ ನೀರು ಬದಲಾಯಿಸ್ತೀವಿ ಅಂದ್ರೆ, ಆ 25 ಲೀಟರ್ ಎರಡು ಸಲ ಕೆಲಸ ಮಾಡ್ಲಿ.

ಹಾಗೇ, ಬೇಡವಾದ ಗಿಡ, ಮೀನನ್ನ ಊರ ಕೆರೆಗೆ ಬಿಡಬೇಡಿ. ಹೊರಗಿಂದ ಬಂದ ಗಿಡ ಕೆರೆಗೆ ಏನು ಮಾಡುತ್ತೆ ಅಂತ ನೋಡೋಕೆ ದೂರ ಹೋಗ್ಬೇಕಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆ ನಮ್ಮ ಎಷ್ಟು ಕೆರೆಗಳನ್ನ ಮುಚ್ಚಿದೆ ಅಂತ ನಿಮಗೇ ಗೊತ್ತು.

ಈ ವಾರದ ಕೆಲಸ ಒಂದೇ. ಹೊಸ ಮೀನು, ಹೊಸ ಲೈಟು ಏನೂ ತಗೋಬೇಡಿ. ನಿಮ್ಮ ಮನೆಗೆ ಬರೋ ಪ್ರತಿ ನೀರಿನ ಕೆಎಚ್ ಅಳೆದು ಫೋನ್ ನೋಟ್ಸ್‌ನಲ್ಲಿ ಬರ್ಕೊಳ್ಳಿ: ನಲ್ಲಿ, ಬೋರ್, ಆರ್‌ಒ, ಟ್ಯಾಂಕ್. ನಾಲ್ಕು ಅಂಕಿ. ಮುಂದಿನ ಸಲ ಬಕೆಟ್ ಎತ್ತೋ ಮೊದಲು ಆ ನಾಲ್ಕು ಅಂಕಿ ನೋಡಿ. ಮೀನು ಉಳಿಯೋದು, ಹೋಗೋದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತೆ.